ಅತ್ತೆಯ ಬಾಯಿಂದ ಕಲಿತ ರೇಖಾಗಣಿತ

ಹೆಣ್ಣು ನೋಡಲು ಬಂದವರು ಕೇಳುವ ಪ್ರಶ್ನೆಗಳು ನಮ್ಮ ಕಡೆ ಎಲ್ಲ ಹುಡುಗಿಯರಿಗೂ ಮೊದಲೇ ಗೊತ್ತಿರುತ್ತವೆ. ರೊಟ್ಟಿ ಬಡಿಯಲು ಬರುತ್ತದೆಯೇ, ಹಾಡು ಬರುತ್ತದೆಯೇ, ನಾಲ್ಕು ಹೆಜ್ಜೆ ನಡೆದು ತೋರಿಸು. ನಾನೂ ತಯಾರಾಗಿಯೇ ಕುಳಿತಿದ್ದೆ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಝಳಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಗೊಳಸಂಗಿಯಿಂದ ಬಂದವರಿಗೆ ಅವಲಕ್ಕಿ, ಚಹಾ ಕೊಟ್ಟಾಗಿತ್ತು. ವರನ ತಂದೆ ಅದೇ ವರ್ಷ ನಿವೃತ್ತರಾದ ಪ್ರಾಥಮಿಕ ಶಾಲೆಯ ಮಾಸ್ತರರು. ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳ ಹಳ್ಳಿಗಳನ್ನೆಲ್ಲ ಸುತ್ತಿ ಪಾಠ ಹೇಳಿದವರು. ಅಷ್ಟು ಹೊತ್ತು ತುಟಿ ಬಿಚ್ಚದೆ ಕುಳಿತಿದ್ದವರು ಕನ್ನಡಕ ಮೇಲೇರಿಸಿ ನಮ್ಮಪ್ಪನನ್ನು ಕೇಳಿದರು.

"ಹುಡುಗೀದು ಎಸ್ಸೆಸ್ಸೆಲ್ಸಿ ಏನಾತ್ರಿ?"

ಅಪ್ಪ ಕೆಮ್ಮಿದರು. "ಮುಗದೈತ್ರಿ" ಎಂದರು. ಮುಗಿದದ್ದು ನಿಜ.

"ಪಾಸ್ ಆಗ್ಯಾಳೇನು?"

"ಒಂದ ವಿಷಯ ಉಳದೈತ್ರಿ. ಗಣಿತ."

ಅಡುಗೆಮನೆಯ ಬಾಗಿಲ ಹಿಂದಿನಿಂದ ಅವ್ವ ಹಣೆ ಬಡಿದುಕೊಂಡಳು. ಬಳೆಯ ಸದ್ದು ಎಲ್ಲರಿಗೂ ಕೇಳಿಸಿತು. ಮಾಸ್ತರರು ಮಾತ್ರ ಈಗ ನೆಟ್ಟಗೆ ಕುಳಿತರು.

"ಗಣಿತದಾಗ ಯಾವುದು? ಅಂಕಗಣಿತ ಹೋತೋ, ರೇಖಾಗಣಿತ ಹೋತೋ?"

ಅಪ್ಪ ನನ್ನ ಮುಖ ನೋಡಿದರು. ನಾನೇ ಜಮಖಾನೆಯ ಅಂಚನ್ನು ನೋಡುತ್ತ "ರೇಖಾಗಣಿತ್ರಿ" ಎಂದೆ.

"ಹಂಗಾರ ಅಡ್ಡಿಯಿಲ್ಲ" ಎಂದರು ಅವರು.

ಸಂಬಂಧಕ್ಕೆ ಅಡ್ಡಿಯಿಲ್ಲ ಎಂದು ನಮ್ಮವರು ತಿಳಿದು ಹಿಗ್ಗಿದರು. ಆ ಮಾತು ಗಣಿತಕ್ಕೆ ಹೇಳಿದ್ದೆಂದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ನಾನು ಫೇಲಾದ ಕಥೆ ದೊಡ್ಡದೇನಲ್ಲ. ನಾನು ಓದಿದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಪ್ರಮೇಯಗಳನ್ನು ನಾವು ಹುಡುಗಿಯರು ಕಣದಲ್ಲಿ ಹಾಡುವ ಹಂತಿ ಪದದ ಹಾಗೆ ರಾಗ ಹಾಕಿ ಬಾಯಿಪಾಠ ಮಾಡಿದೆವು. 'ಎರಡು ಸರಳ ರೇಖೆಗಳು ಪರಸ್ಪರ ಛೇದಿಸಿದಾಗ ಉಂಟಾಗುವ ಶೃಂಗಾಭಿಮುಖ ಕೋನಗಳು ಸಮ' ಎಂದು ಒಂದೇ ಉಸಿರಿನಲ್ಲಿ ಒದರುತ್ತಿದ್ದೆ. ಶೃಂಗ ಯಾವುದು, ಯಾವುದಕ್ಕೆ ಯಾವುದು ಅಭಿಮುಖ ಎಂದು ಕೇಳಿದ್ದರೆ ಕಣ್ಣು ಕಣ್ಣು ಬಿಡುತ್ತಿದ್ದೆ. ಪುಸ್ತಕದಲ್ಲಿದ್ದ ಚಿತ್ರವನ್ನು ಪರೀಕ್ಷೆಯಲ್ಲಿ ಕೊಂಚ ಓರೆ ಮಾಡಿ ಕೊಟ್ಟರು. ಅಷ್ಟಕ್ಕೇ ನಾನು ಹೋದೆ.

ಮದುವೆಯಾಗಿ ಗೊಳಸಂಗಿಗೆ ಬಂದೆ. ನನ್ನ ಗಂಡ ಸಿಂದಗಿಯ ದವಾಖಾನೆಯೊಂದರಲ್ಲಿ ಕಂಪೌಂಡರ್. ಅಲ್ಲಿ ಇನ್ನೂ ಮನೆ ಸಿಕ್ಕಿರಲಿಲ್ಲವಾಗಿ ಗೆಳೆಯರ ಜೊತೆ ಒಂದು ಖೋಲಿಯಲ್ಲಿದ್ದು ಶನಿವಾರ ಸಂಜೆ ಊರಿಗೆ ಬರುತ್ತಿದ್ದರು. ಮನೆಯಲ್ಲಿ ಉಳಿದವರು ಅತ್ತೆ, ಮಾವ, ನಾನು. ಮಾವನವರ ಎದುರಿಗೆ ಸೊಸೆ ನಿಲ್ಲುವಂತಿಲ್ಲ, ಅವರೊಡನೆ ಮಾತಾಡುವಂತಿಲ್ಲ. ತಲೆ ಮೇಲಿನ ಸೆರಗು ಜಾರುವಂತಿಲ್ಲ. ಇದು ಯಾರೋ ನನಗೆ ವಿಧಿಸಿದ ಶಿಕ್ಷೆಯೇನೂ ಆಗಿರಲಿಲ್ಲ. ನಮ್ಮವ್ವ ಹಾಗೇ ಇದ್ದಳು, ಓಣಿಯ ಸೊಸೆಯರೆಲ್ಲ ಹಾಗೇ ಇದ್ದರು. ಮಾವನವರಿಗೆ ನೀರು ಬೇಕಾದರೆ ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು, ತಂಬಿಗೆ ಅದೇ ದಾರಿಯಲ್ಲಿ ವಾಪಸು ಹೋಗುತ್ತಿತ್ತು.

ಅತ್ತೆ ಮುದ್ದೇಬಿಹಾಳ ಕಡೆಯವರು. ಎತ್ತರದ ಆಳು, ಅದಕ್ಕೆ ತಕ್ಕ ದನಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಶಾಲೆಯನ್ನೇ ಮದುವೆಯಾದೆ, ಇನ್ನು ಹತ್ತುವುದೇನು ಎಂದು ನಗುತ್ತಿದ್ದರು. ನಿವೃತ್ತಿಯಾದ ಗಂಡ ದಿನವಿಡೀ ಮನೆಯಲ್ಲಿರುವುದು ಅವರಿಗೆ ಹೊಸ ಕಷ್ಟ. ಮಾವನವರು ಬೇಳೆ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುವರು. ಎಮ್ಮೆಗೆ ಹೊಟ್ಟು ಹಾಕುವ ಕ್ರಮ ಸರಿಯಿಲ್ಲ ಎನ್ನುವರು. ಅತ್ತೆ ಒಂದು ದಿನ ಸಿಡಿದರು.

"ಏನ್ರೀ, ನಿಮಗ ಯಾರಿಗರೇ ಕಲಿಸದಿದ್ರ ಉಂಡದ್ದು ಅರಗಂಗಿಲ್ಲ. ಸೊಸಿದು ಗಣಿತ ಉಳದೈತಿ ಅಂತ ನೀವ ನೋಡಿ ತಂದೀರಿ. ಅಕಿಗೆ ಕಲಿಸ್ರಿ. ನನ್ನ ತಲಿ ತಿನ್ನಬ್ಯಾಡ್ರಿ."

ಮಾವನವರು ಇದಕ್ಕೇ ಕಾಯುತ್ತಿದ್ದವರಂತೆ, "ಅಕ್ಟೋಬರದಾಗ ಪರೀಕ್ಷಾ ಐತಿ. ಅಕಿ ಕೂಡ್ತಾಳೇನು ಕೇಳು" ಎಂದರು.

ಬಾಗಿಲ ಮರೆಯಲ್ಲಿದ್ದ ನನ್ನ ಕಡೆ ಅತ್ತೆ ತಿರುಗಿದರು. "ಕೂಡ್ತೀಯೇನವ್ವಾ?"

ನನಗೆ ಹೆದರಿಕೆ, ಆಸೆ ಎರಡೂ. "ಕೂಡ್ತೇನ್ರಿ" ಎಂದೆ.

"ಕೂಡ್ತಾಳಂತ."

ಮರುದಿನ ಊಟವಾದ ಮೇಲೆ ಪಾಠ ಶುರುವಾಯಿತು. ನಾನು ಅಡುಗೆಮನೆಯ ಒಳಗೆ, ಬಾಗಿಲಿಗೆ ಓರೆಯಾಗಿ ಕುಳಿತೆ. ಮಾವನವರು ಪಡಸಾಲೆಯಲ್ಲಿ, ನನಗೆ ಬೆನ್ನು ಹಾಕಿ. ನಡುವೆ ಹೊಸ್ತಿಲಿಗೆ ಅಂಟಿಕೊಂಡು ಅತ್ತೆ, ಮಡಿಲಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ. ಪಡಸಾಲೆಗೆ ಫರಸಿ ಕಲ್ಲು ಹಾಸಿತ್ತು. ಮಾವನವರು ಸೀಮೆಸುಣ್ಣದ ಖಡು ಹಿಡಿದು ಆ ನೆಲವನ್ನೇ ಹಲಗೆ ಮಾಡಿಕೊಂಡರು. ಒಂದು ಬಿಂದುವಿನಿಂದ ಎರಡು ಗೆರೆ ಎಳೆದರು.

"ಇದು ಲಘುಕೋನ. ತೊಂಬತ್ತಕ್ಕಿಂತ ಕಡಿಮಿ. ಅಕಿಗೆ ಹೇಳು."

"ಲಘುಕೋನಂತವ್ವ. ಸಣ್ಣದು."

"ಸಣ್ಣದು ಅನಬ್ಯಾಡ. ತೊಂಬತ್ತಕ್ಕಿಂತ ಕಡಿಮಿ ಅನ್ನು."

"ಸಣ್ಣದಕ್ಕ ಸಣ್ಣದು ಅನ್ನದ ಏನನ್ನೂದು?"

ಹೀಗೆ ಒಂದೊಂದು ಮಾತೂ ಅತ್ತೆಯ ಮೂಲಕ ಹಾದು ಬರಬೇಕು. ಲಂಬಕೋನ ಬಂತು, ಅದು ಗೋಡೆಗೆ ಗೋಡೆ ಕೂಡುವ ಮೂಲೆ. ವಿಶಾಲಕೋನಕ್ಕೆ ಅತ್ತೆ, "ಕಾಲು ಚಾಚಿ ಆರಾಮ ಕೂತೈತಿ ನೋಡು ಇದು" ಎಂದರು. ಸರಳಕೋನ ಬಂದಾಗ ಒಪ್ಪಲೇ ಇಲ್ಲ. "ಇದು ಬರೇ ಗೆರಿ. ಇದರಾಗ ಮೂಲಿ ಎಲ್ಲೈತಿ? ಏನರೇ ಹೇಳಿ ಮಂದೀನ ಮಂಗ್ಯಾ ಮಾಡಬ್ಯಾಡ್ರಿ." ನನಗೆ ಒಳಗೊಳಗೇ ಖುಷಿ. ನನಗೂ ಅದೇ ಅನುಮಾನ ಶಾಲೆಯ ದಿನದಿಂದ ಇತ್ತು, ಕೇಳಲು ಬಾಯಿ ಬಂದಿರಲಿಲ್ಲ. ಮಾವನವರು ಎರಡು ಗೆರೆಗಳನ್ನು ಮತ್ತೆ ಎಳೆದು, ಒಂದನ್ನು ಸ್ವಲ್ಪ ಸ್ವಲ್ಪವೇ ಅಗಲಿಸುತ್ತ ಹೋದರು. ಲಘು, ಲಂಬ, ವಿಶಾಲ, ಇನ್ನೂ ವಿಶಾಲ, ಕಡೆಗೆ ಪೂರ್ತಿ ನೆಟ್ಟಗೆ. "ಅಗಲಾಗತ ಅಗಲಾಗತ ಇಲ್ಲಿಗೆ ಬಂತು. ಬರೂತನಾ ಕೋನ ಇದ್ದದ್ದು ಇಲ್ಲಿಗೆ ಬಂದ ಕೂಡಲೆ ಕೋನ ಅಲ್ಲ ಅಂದ್ರ ಹ್ಯಾಂಗ?" ಅತ್ತೆ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ನೋಡಿದರು. "ಅಷ್ಟ ಬಿಡ್ರಿ" ಎಂದರು. ಅದು ಅವರು ಸೋಲೊಪ್ಪುವ ಬಗೆ.

ತೊಡಕು ಬಂದದ್ದು ಪೂರಕ ಮತ್ತು ಪರಿಪೂರಕದಲ್ಲಿ. ಎರಡು ಕೋನ ಕೂಡಿ ತೊಂಬತ್ತಾದರೆ ಪೂರಕ, ನೂರಾ ಎಂಬತ್ತಾದರೆ ಪರಿಪೂರಕ. ಮಾವನವರು ಕೇಳಿದರು, "ಮೂವತ್ತರ ಪೂರಕ ಕೋನ ಎಷ್ಟು?" ಅತ್ತೆ ನನ್ನತ್ತ ತಿರುಗಿ, "ಮೂವತ್ತರ ಪರಿಪೂರಕ ಎಷ್ಟಂತ?" ಎಂದರು. ನನಗೆ ಮಾವನವರ ಮಾತು ನೆಟ್ಟಗೇ ಕೇಳಿಸಿತ್ತು. ಆದರೆ ಅತ್ತೆಯ ಮಾತಿಗೆ ಉತ್ತರ ಕೊಡುವುದೋ, ಮಾವನ ಮಾತಿಗೋ? ಅತ್ತೆಯನ್ನು ತಪ್ಪೆನ್ನುವುದಾದರೂ ಹೇಗೆ? "ನೂರಾ ಐವತ್ತು" ಎಂದುಬಿಟ್ಟೆ.

ಮಾವನವರು ಖಡು ನೆಲಕ್ಕೆ ಕುಕ್ಕಿದರು. "ತಲಿ ಎಲ್ಲಿಟ್ಟಾಳ? ಅರವತ್ತು ಆಗಬೇಕು!"

"ನೀವು ಕೇಳಿದ್ದ ಪರಿಪೂರಕ."

"ನಾ ಕೇಳಿದ್ದು ಪೂರಕ. ನೀ ನಡುವ 'ಪರಿ' ಸೇರಿಸೀದಿ."

ಅತ್ತೆ ಮೊರವನ್ನು ಬದಿಗಿಟ್ಟು ಎದ್ದರು. "ಈ ಕೆಲಸಕ್ಕ ನನಗೇನು ಸರ್ಕಾರ ಪಗಾರ ಕೊಡ್ತೈತೇನು? ನಾಳಿಂದ ನಿಮ್ಮ ಪೂರಕ ನೀವ ಹೇಳ್ಕೋರಿ" ಎಂದು ಹಿತ್ತಲಿಗೆ ಹೋದರು. ಸಂಜೆ ಮಾವನವರಿಗೆ ಚಹಾ ಸಿಗಲಿಲ್ಲ. ನಾನು ಮಾಡಿದ್ದೆ, ಆದರೆ ಒಯ್ದು ಕೊಡಬೇಕಾದವರು ಎಮ್ಮೆಯ ಮುಂದೆ ಕುಳಿತಿದ್ದರು. ಚಹಾ ಆರಿತು. ಕೊನೆಗೆ ಮಾವನವರೇ ಹಿತ್ತಲಿಗೆ ಹೋಗಿ ಏನೋ ಮೆಲ್ಲಗೆ ಹೇಳಿದ್ದು ಕೇಳಿಸಿತು. ಮೂವತ್ತು ವರ್ಷ ಮಕ್ಕಳನ್ನು ನಡುಗಿಸಿದ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅತ್ತೆಯೇ ಮಾತು ತೆಗೆದರು. ಹೆಂಚಿನ ಮೇಲಿಂದ ಬಂದ ರೊಟ್ಟಿಯನ್ನು ಎರಡು ಹೋಳು ಮಾಡಿ, ಅದರಲ್ಲೊಂದನ್ನು ಮತ್ತೆ ಮುರಿದರು. "ನೋಡಿಲ್ಲಿ. ಕಾಲು ರೊಟ್ಟಿ ತುಂಬಿದ್ರ ಪೂರಕ. ಅರ್ಧ ರೊಟ್ಟಿ ತುಂಬಿದ್ರ ಪರಿಪೂರಕ. ದೊಡ್ಡ ಮಾತಿಗೆ ದೊಡ್ಡ ಹೋಳು. ಇನ್ನ ತಪ್ಪೂದುಲ್ಲ ತಗೋ." ಅವರು ತಪ್ಪಲಿಲ್ಲ. ನಾನೂ ಅಂದಿನಿಂದ ಇಂದಿನವರೆಗೆ ತಪ್ಪಿಲ್ಲ.

ಶೃಂಗಾಭಿಮುಖ ಕೋನ ಬಂದ ದಿನವನ್ನಂತೂ ನಾನು ಮರೆಯಲಾರೆ. ಅತ್ತೆಯ ನಾಲಿಗೆ ಆ ಶಬ್ದಕ್ಕೆ ಹೊರಳಲಿಲ್ಲ. ಒಂದೆರಡು ಸಲ ಹೆಣಗಾಡಿ, "ಸಿಂಗಾರಮುಖ" ಎಂದರು.

"ಸಿಂಗಾರಮುಖ ಕೋನ ಎರಡೂ ಸಮ ಇರ್ತಾವಂತವ್ವ."

ಪಡಸಾಲೆಯಿಂದ ವಿಚಿತ್ರ ಸದ್ದು ಬಂತು. ಮಾವನವರಿಗೆ ಕೆಮ್ಮು ಬಂತೆಂದು ನಾನು ಗಾಬರಿಯಾದೆ. ಬಗ್ಗಿ ನೋಡಿದರೆ, ಅವರು ಭುಜ ಕುಣಿಸಿಕೊಂಡು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆಗೆ ಸಿಟ್ಟು ಬರಲಿಲ್ಲ, ಉಮೇದು ಬಂತು. ಮೂಲೆಯಲ್ಲಿದ್ದ ಕತ್ತರಿ ತಂದು ತೆರೆದು ಹಿಡಿದರು. "ಈ ಕಡೆ ಬಾಯಿ ಎಷ್ಟು ಅಗಲ ಆದ್ರ ಆ ಕಡಿ ಹಿಡಿಕಿನೂ ಅಷ್ಟ ಅಗಲ. ಎದುರಾಬದುರು ಕೂತ ಸಿಂಗಾರದ ಮುಖ. ಕಣ್ಣಿಗೆ ಕಾಣಾಕತ್ತೈತಿ, ಮತ್ತ ಇದನ್ನೇನು ಸಾಧಿಸೂದು?"

"ನಿನ್ನ ಕಣ್ಣಿಗೆ ಸಮ ಕಾಣ್ತಾವ" ಎಂದರು ಮಾವನವರು. "ಕೂದಲೆಳಿಯಷ್ಟು ಹೆಚ್ಚುಕಡಿಮಿ ಇದ್ರ ನಿನ್ನ ಕಣ್ಣು ಹಿಡೀತೈತೇನು? ಈ ಕತ್ತರಿ ಒಂದ ಅಲ್ಲ, ಜಗತ್ತಿನ್ಯಾಗಿನ ಎಲ್ಲಾ ಕತ್ತರೀಗೂ ಹೇಳಬೇಕು. ಎಲ್ಲಾ ತಂದು ನೋಡ್ತೀಯೇನು?"

ಆಮೇಲೆ ಅವರು ನಿಧಾನವಾಗಿ ಹೇಳಿದರು. ಮೊದಲನೆಯ ಕೋನಕ್ಕೆ ನಡುವಿನದನ್ನು ಕೂಡಿದರೆ ನೂರಾ ಎಂಬತ್ತು, ಏಕೆಂದರೆ ಎರಡೂ ಒಂದೇ ನೆಟ್ಟ ಗೆರೆಯ ಮೇಲಿವೆ. ಎದುರಿನ ಕೋನಕ್ಕೆ ಅದೇ ನಡುವಿನದನ್ನು ಕೂಡಿದರೂ ನೂರಾ ಎಂಬತ್ತು. ಹಾಗಾದರೆ ಮೊದಲನೆಯದೂ ಎದುರಿನದೂ ಸಮವಾಗದೆ ದಾರಿಯಿಲ್ಲ. ಅತ್ತೆ ಕತ್ತರಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ತಿಳೀತೇನು? ನಡುವಿನಾಕಿ ಒಬ್ಬಾಕೇ. ಅಕಿ ಕೂಡ ಸೇರಿ ಇವನೂ ಅರ್ಧ ರೊಟ್ಟಿ ಆದ, ಅವನೂ ಅರ್ಧ ರೊಟ್ಟಿ ಆದ. ಅಂದಮ್ಯಾಲ ಇಬ್ಬರೂ ಒಂದ ಅಳತಿ."

ವರ್ಷಗಟ್ಟಲೆ ಉರು ಹೊಡೆದಿದ್ದ ಸಾಲು ಆಗ ನನ್ನ ಒಳಗೆ ಬಾಗಿಲು ತೆರೆದಂತೆ ತೆರೆದುಕೊಂಡಿತು. "ತಿಳೀತ್ರಿ!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಅತ್ತೆ ದಾಟಿಸುವ ಮೊದಲೇ ಮಾವನವರಿಗೆ ಕೇಳಿಸಿತು. ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಓಣಿಯವರಿಗೆ ನಮ್ಮ ಮನೆಯ ನೆಲ ಒಂದು ತಮಾಷೆಯಾಯಿತು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ, "ಏನಕ್ಕಾ, ಇದೆಂಥಾ ರಂಗೋಲಿ? ಒಂದರೇ ಹೂವಿಲ್ಲ" ಎಂದಳು. ಅತ್ತೆ ಗಂಭೀರವಾಗಿ, "ತುಳೀಬ್ಯಾಡವಾ, ಸಿಂಗಾರಮುಖ ಐತಿ ಅಲ್ಲಿ" ಎಂದರು. ಆಕೆ ಯಾವುದೋ ದೇವರೆಂದು ತಿಳಿದು ಗೆರೆಗೆ ಕೈ ಮುಗಿದು ಸುತ್ತು ಹಾಕಿ ಹೋದಳು.

ಮಳೆಗಾಲ ಮುಗಿಯುತ್ತ ಬಂದಿತ್ತು. ಪಾಠ ಸಮಾಂತರ ರೇಖೆಗಳಿಗೆ ಬಂದಾಗ ನಾಲತವಾಡದಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ಅತ್ತೆಯ ಮಗಳಿಗೆ ಎರಡನೆಯ ಹೆರಿಗೆಯಾಗಿತ್ತು. ನೋಡಿಕೊಳ್ಳಬೇಕಿದ್ದ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದರು. ನಮ್ಮತ್ತೆ ಹೊರಡಲೇಬೇಕು. ಓಣಿಯ ಒಬ್ಬ ಮುದುಕಿಯನ್ನು ಮನೆಯಲ್ಲಿರಲು ಗೊತ್ತು ಮಾಡಿ, ಗಂಟು ಕಟ್ಟಿಕೊಂಡು ಬಸ್ ಹತ್ತಿದರು. ಹತ್ತಿದ ಮೇಲೆ ಕಿಡಕಿಯಿಂದ ಕೂಗಿದ್ದು ಇಷ್ಟು: "ನಾ ಬರೂತನಾ ಮುಂದಿನ ಪಾಠ ಹೇಳಬ್ಯಾಡ್ರಿ!"

ಪರೀಕ್ಷೆ ಹತ್ತಿರ ಬಂದಿತ್ತು. ಕಾಯುವಂತಿರಲಿಲ್ಲ. ಮಾವನವರು ಮುದುಕಿಯನ್ನು ಹೊಸ್ತಿಲ ಬಳಿ ಕೂಡಿಸಿ ಪ್ರಯತ್ನಿಸಿದರು. "ಎರಡು ಸಮಾಂತರ ರೇಖಾ, ಅವನ್ನ ಕಡಕೊಂಡು ಹೋಗೂದು ಛೇದಕ! ಅಕಿಗೆ ಹೇಳು!" ಮುದುಕಿಗೆ ಕಿವಿ ಮಂದ. "ಚಾ ಬ್ಯಾಡಪಾ, ಈಗರ ಕುಡದೇನಿ" ಎಂದಳು. ಇನ್ನೊಮ್ಮೆ ಕೂಗಿದರು. "ಮಳಿ? ಇಲ್ಲ, ಇವತ್ತ ಬರಂಗಿಲ್ಲ." ನಾನು ಒಳಗೆ ಸೆರಗು ಕಚ್ಚಿ ನಗು ತಡೆದುಕೊಂಡೆ.

ಮರುದಿನದಿಂದ ಮಾವನವರು ಕಂಬಕ್ಕೆ ಪಾಠ ಹೇಳತೊಡಗಿದರು. ಪಡಸಾಲೆಯ ಕಟ್ಟಿಗೆಯ ಕಂಬ. ಅದಕ್ಕೆ ಮುಖ ಮಾಡಿ ಕುಳಿತು, "ಕೇಳಪಾ ಕಂಬಾ, ಛೇದಕದ ಎಡಕ್ಕ ಮ್ಯಾಲಿನ ರೇಖಾದ್ದು ಒಂದು, ಬಲಕ್ಕ ಕೆಳಗಿನ ರೇಖಾದ್ದು ಒಂದು, ಎರಡೂ ಸಮಾಂತರ ರೇಖಾದ ಒಳಗಿದ್ರ ಪರ್ಯಾಯ ಕೋನ. ಅವು ಸಮ" ಎನ್ನುವರು. ನಾನು ಒಳಗೆ ಪಾಟಿಯ ಮೇಲೆ ಬರೆದುಕೊಳ್ಳುವೆ. ಹೌದು ಎನ್ನಲು ಬಳೆಯನ್ನು ಒಮ್ಮೆ ಅಲುಗಿಸುವುದು, ಅಲ್ಲ ಎನ್ನಲು ಎರಡು ಸಲ. ಇದನ್ನು ಯಾರೂ ಗೊತ್ತುಪಡಿಸಲಿಲ್ಲ, ತಾನಾಗಿ ರೂಢಿಯಾಯಿತು. ಕಂಬ ಬಹಳ ಬೇಗ ಕಲಿಯಿತು. ಮುದುಕಿ ಮಾತ್ರ, ಮಾಸ್ತರಗ ವಯಸ್ಸಾತು, ಕಂಬದ ಕೂಡ ಮಾತಾಡಾಕತ್ತಾನ ಎಂದು ಓಣಿಯಲ್ಲೆಲ್ಲ ಮರುಗಿದಳು.

ಒಂದು ಮಧ್ಯಾಹ್ನ ಮಾವನವರು ನೆಲದ ಮೇಲೆ ಎಂಟು ಕೋನಗಳಿಗೆ ಅಂಕಿ ಹಾಕಿ ಹೇಳಿದರು, "ಮೂರನೇದೂ ಐದನೇದೂ ಪರ್ಯಾಯ ಕೋನ. ಮೂರನೇದು ನೂರಾ ಹತ್ತು ಇದ್ರ ಐದನೇದೂ ನೂರಾ ಹತ್ತು."

ನಾನು ಬಗ್ಗಿ ನೋಡಿದೆ. ಎರಡೂ ಛೇದಕದ ಒಂದೇ ಮಗ್ಗುಲಿಗಿದ್ದವು. ಒಂದು ಕಾಲು ಚಾಚಿ ಕುಳಿತಿತ್ತು, ಇನ್ನೊಂದು ಮುದುಡಿಕೊಂಡಿತ್ತು. ಬಳೆಯನ್ನು ಎರಡು ಸಲ ಅಲುಗಿಸಿದೆ.

"ಏನಲ್ಲ? ಸರಿ ಐತಿ. ಐದನೇದೂ ನೂರಾ ಹತ್ತು."

ಮತ್ತೆ ಎರಡು ಸಲ ಅಲುಗಿಸಿದೆ.

"ಸರಿಯಾಗಿ ನೋಡು ಕಂಬಾ! ನೂರಾ ಹತ್ತು!"

"ಅಲ್ರಿ ಮಾವಾರ!" ಬಾಯಿಂದ ಬಂದೇಬಿಟ್ಟಿತು. "ಅವು ಪರ್ಯಾಯ ಕೋನ ಅಲ್ರಿ. ಒಂದ ಮಗ್ಗುಲಿನ ಒಳಕೋನ ಅವು. ಕೂಡಿದ್ರ ನೂರಾ ಎಂಬತ್ತು ಆಗಬೇಕು. ಐದನೇದು ಎಪ್ಪತ್ತು ಆಗತೈತ್ರಿ."

ಮುದುಕಿ ಕೂಡ ಏನೋ ನಡೆಯಿತೆಂದು ತಲೆ ಎತ್ತಿದಳು. ಸೊಸೆಯಾಗಿ ಬಂದ ಮೇಲೆ ಮಾವನಿಗೆ ನಾನು ಆಡಿದ ಮೊದಲ ಮಾತು 'ಅಲ್ರಿ'. ಮಾವನವರು ನೆಲವನ್ನು ದಿಟ್ಟಿಸಿದರು, ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ ಮತ್ತೆ ದಿಟ್ಟಿಸಿದರು. ಆಮೇಲೆ ಕಂಬಕ್ಕೆ ಬೆನ್ನು ಮಾಡಿ, ಅಡುಗೆಮನೆಯ ಬಾಗಿಲ ಕಡೆ ತಿರುಗಿ ಕುಳಿತರು.

"ಎಪ್ಪತ್ತ ಹ್ಯಾಂಗ ಆತು? ಸಾಧಿಸಿ ಹೇಳವಾ ತಂಗಿ" ಎಂದರು, ನಮ್ಮ ಕಡೆ ಮಗಳನ್ನು ಕರೆಯುವ ಹಾಗೆ.

ನಾನು ಸೆರಗು ಸರಿಮಾಡಿಕೊಂಡು ಹೊಸ್ತಿಲವರೆಗೆ ಬಂದು ಹೇಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಭಯ ಮರೆತಿತ್ತು. ಕೊನೆಗೆ ಖಡು ನನ್ನ ಕೈಯಲ್ಲಿತ್ತು. ಅದು ಹೇಗೆ ಬಂತೋ ನನಗೆ ನೆನಪಿಲ್ಲ.

ಬೇಕೆಂದೇ ತಪ್ಪು ಹೇಳಿದ್ದೆ, ನೀನು ಹಿಡಿಯುತ್ತೀಯೋ ಇಲ್ಲವೋ ನೋಡಲು ಎಂದು ಮಾವನವರು ಆಮೇಲೆ ಹೇಳಿಕೊಂಡರು. ಅತ್ತೆ ಅದನ್ನು ಎಂದೂ ನಂಬಲಿಲ್ಲ. "ಅವರಿಗೆ ಆಗ ಕಣ್ಣಿನ್ಯಾಗ ಪೊರಿ ಬರಾಕ ಹತ್ತಿತ್ತು. ಮೂರಕ್ಕೂ ನಾಕಕ್ಕೂ ಫರಕ ಕಾಣ್ತಿದ್ದಿಲ್ಲ" ಎನ್ನುತ್ತಿದ್ದರು. ಯಾವುದು ನಿಜವೋ ನನಗೂ ಗೊತ್ತಿಲ್ಲ.

ಅತ್ತೆ ನಾಲತವಾಡದಿಂದ ಬಂದರು. ಕೈಕಾಲು ತೊಳೆದು ಒಳಗೆ ಬರುವಾಗ ಮಾವನವರು, "ತಂಗಿ, ಆ ಲೆಕ್ಕ ಮುಗೀತೇನು?" ಎಂದು ಕೇಳಿದ್ದೂ, "ಮುಗೀತ್ರಿ ಮಾವಾರ, ಒಂದ ಸಂಶೇ ಐತಿ" ಎಂದು ನಾನು ಅಂದದ್ದೂ ಅವರ ಕಿವಿಗೆ ಬಿತ್ತು. ನಿಂತಲ್ಲೇ ನಿಂತರು. ನಾನು ನಾಲಿಗೆ ಕಚ್ಚಿಕೊಂಡೆ. ರಿವಾಜು ಮುರಿದದ್ದಕ್ಕೆ ಬೈಗುಳ ಬರುತ್ತದೆ ಎಂದು ಕಾದೆ. ಅತ್ತೆಯ ಕಣ್ಣು ಮಾತ್ರ ನೆಲದ ಗೆರೆಗಳ ಮೇಲಿತ್ತು.

"ನನ್ನ ಬಿಟ್ಟು ಸಮಾಂತರ ರೇಖಾ ಮುಗಿಸಿದ್ರೇನು?"

ಮಾವನವರು ಖಡುವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಹೇಳಿ ಹೋಗಿದ್ದೆ ನಾ, ಮುಂದ ಹೋಗಬ್ಯಾಡ್ರಿ ಅಂತ. ಅಲ್ಲಿ ಕೂಸಿಗೆ ಎಣ್ಣಿ ಹಚ್ಚುಮುಂದ ಸೈತ ನನಗ ಇದ ಚಿಂತಿ. ನೀವಿಬ್ಬರೂ ಇಲ್ಲಿ ಮಜಾ ಮಾಡೀರಿ." ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟರು. ಮಾವನವರು ತಪ್ಪು ಮಾಡಿದ ಹುಡುಗನ ಹಾಗೆ ಕಂಬದ ಮರೆಗೆ ಸರಿದರು. ನಾನೇ ಹೋಗಿ ಅತ್ತೆಯ ಕೈ ಹಿಡಿದೆ. "ಅತ್ತೀ, ನಾ ಹೇಳಿಕೊಡ್ತೇನ್ರಿ. ಎಲ್ಲಾ ಮೊದಲಿಂದ."

ಹೇಳಿಕೊಟ್ಟೆ. ಅತ್ತೆಗೆ ಕಲಿಸುವುದು ಸುಲಭದ ಕೆಲಸವಲ್ಲ. ಒಂದು ಮಾತನ್ನೂ ಪುಕ್ಕಟೆ ಒಪ್ಪುವವರಲ್ಲ. ಅನುರೂಪ ಕೋನ ಸಮ ಎಂದರೆ, "ಯಾರು ಹೇಳಿದ್ರು?" ಸಮಾಂತರ ರೇಖೆ ಎಲ್ಲಿಯೂ ಕೂಡುವುದಿಲ್ಲ ಎಂದರೆ, "ಯಾರು ಹೋಗಿ ನೋಡಿ ಬಂದಾರ?" ಅವರಿಗೆ ಉತ್ತರ ಹುಡುಕುತ್ತ ನನಗೆ ಗೊತ್ತಿಲ್ಲದ ಸಂದುಗೊಂದುಗಳೆಲ್ಲ ತಿಳಿದವು. ಅಲ್ಲಿಂದ ತ್ರಿಭುಜಕ್ಕೆ, ವೃತ್ತಕ್ಕೆ ಹೋಗುವುದು ಇಳಿಜಾರಿನಲ್ಲಿ ಇಳಿದಷ್ಟು ಸಲೀಸಾಯಿತು.

ಪರೀಕ್ಷೆ ಬಸವನ ಬಾಗೇವಾಡಿಯಲ್ಲಿ. ಅತ್ತೆ, ಮಾವ ಇಬ್ಬರೂ ಬಂದರು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅತ್ತೆಯ ಬಗಲಲ್ಲಿ. ಇಳಕಲ್ ಸೀರೆ ಉಟ್ಟು, ಕೈ ತುಂಬ ಬಳೆ ತೊಟ್ಟು ನಾನು ಕೋಣೆಯ ಒಳಗೆ ಕಾಲಿಟ್ಟಿದ್ದೇ ತಡ, ಬೆಂಚುಗಳಲ್ಲಿದ್ದ ಹುಡುಗರೆಲ್ಲ ಶಿಕ್ಷಕಿ ಬಂದರೆಂದು ಎದ್ದು ನಿಂತರು. "ನಮಸ್ಕಾರ್ರಿ ಅಕ್ಕಾವ್ರ!" ನನಗೆ ಏನು ಮಾಡಬೇಕೋ ತಿಳಿಯದೆ, "ಕೂಡ್ರಿ ಕೂಡ್ರಿ" ಎಂದೆ. ಎಲ್ಲರೂ ಕುಳಿತರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ನನ್ನ ನಂಬರಿನ ಮುಂದೆ ಕುಳಿತಾಗ ಇಡೀ ಕೋಣೆ ಗೊಳ್ಳೆಂದಿತು. ನಾನೂ ನಕ್ಕೆ. ನಕ್ಕದ್ದೇ ಒಳ್ಳೆಯದಾಯಿತು, ಅಂಜಿಕೆ ಅಲ್ಲೇ ಬಿಟ್ಟುಹೋಯಿತು.

ಪತ್ರಿಕೆಯಲ್ಲಿ ಒಂದು ಓರೆಯಾದ ಚಿತ್ರ ಕೊಟ್ಟು ಎದುರು ಕೋನಗಳು ಸಮವೆಂದು ಸಾಧಿಸಲು ಕೇಳಿದ್ದರು. ಈ ಸಲ ಕಾಗದವನ್ನು ಆಚೀಚೆ ತಿರುಗಿಸಲೂ ಇಲ್ಲ, ಬರೆಯುತ್ತ ಹೋದೆ. ಬರೆದು ಓದಿ ನೋಡಿದರೆ, 'ಆದ್ದರಿಂದ ಸಿಂಗಾರಮುಖ ಕೋನಗಳು ಸಮ' ಎಂದಿತ್ತು. ಗಾಬರಿಯಿಂದ ಹೊಡೆದುಹಾಕಿ ತಿದ್ದಿದೆ.

ಹೊರಗೆ ಬಂದಾಗ ಅತ್ತೆ ಬೇವಿನ ಗಿಡದ ಕೆಳಗಿಂದಲೇ ಕೂಗಿದರು. "ಸಿಂಗಾರಮುಖ ಬಂದಿತ್ತೇನು?"

"ಬಂದಿತ್ರಿ!"

"ಅರ್ಧ ರೊಟ್ಟಿ?"

"ಅದೂ ಬಂದಿತ್ರಿ!"

ಸುತ್ತಲಿನ ಹುಡುಗರು ಪ್ರಶ್ನೆಪತ್ರಿಕೆಯನ್ನು ಮತ್ತೆ ಬಿಚ್ಚಿ ರೊಟ್ಟಿಯ ಪ್ರಶ್ನೆ ಎಲ್ಲಿದೆ ಎಂದು ಹುಡುಕತೊಡಗಿದರು.

ಫಲಿತಾಂಶದ ಪೇಪರನ್ನು ನನ್ನ ಗಂಡ ಸಿಂದಗಿಯಿಂದ ತಂದರು. ಮುಖ ಸಪ್ಪಗೆ ಮಾಡಿಕೊಂಡು ಬಾಗಿಲಲ್ಲಿ ನಿಂತದ್ದನ್ನು ನೋಡಿ ನಾನು ಮತ್ತೆ ಫೇಲೇ ಎಂದುಕೊಂಡೆ. ಅತ್ತೆ ಮಗನ ಮುಖವನ್ನೊಮ್ಮೆ ನೋಡಿ, "ನಾಟಕ ಮಾಡಬ್ಯಾಡಲೇ, ನಿನ್ನ ಮೂಗು ನಗಾಕತ್ತೈತಿ" ಎಂದರು. ಪಾಸಾಗಿದ್ದೆ. ಅತ್ತೆ ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದರು. ಮುದುಕಿಗೂ ಕರೆದು ಹಾಕಿದರು. ಅಂಕಗಳೇನೂ ಹೇಳಿಕೊಳ್ಳುವಂಥವಲ್ಲ. ಮಾವನವರಿಗೆ ಅದು ಸ್ವಲ್ಪ ಬೇಸರ. "ಇನ್ನೂ ಬರಬೇಕಿತ್ತು" ಎಂದು ಒಂದು ವಾರ ಗೊಣಗಿದರು.

ಮಾತಿನ ದಾರಿ ತೆರೆದದ್ದು ನನಗೆ ಪೂರ್ತಿ ಲಾಭವೇ ಆಯಿತು ಎನ್ನಲಾರೆ. ಮೊದಲು ಮಾವನವರು ಊಟದ ಬಗ್ಗೆ ಏನಂದರೂ ಅದು ಅತ್ತೆಯಲ್ಲಿಯೇ ಸೋಸಿ ಹೋಗುತ್ತಿತ್ತು. ಈಗ ನೇರವಾಗಿ, "ತಂಗಿ, ಬ್ಯಾಳಿಗೆ ಉಪ್ಪು ಕಡಿಮಿ", "ತಂಗಿ, ರೊಟ್ಟಿ ಅಂಚಿಗೆ ದಪ್ಪ". ಅತ್ತೆ ಪಕ್ಕದಲ್ಲಿ ಕುಳಿತು ಕಣ್ಣು ಮಿಟುಕಿಸುತ್ತಿದ್ದರು. "ನನ್ನ ಬೆಲೆ ಈಗ ತಿಳೀತಿಲ್ಲೋ?"

ಮರುವರ್ಷ ಸಿಂದಗಿಯಲ್ಲಿ ಒಂದು ಮನೆ ಸಿಕ್ಕಿತು. ಗಂಡನ ಜೊತೆ ಹೋದೆ. ಪಾಸಾದದ್ದರಿಂದ ಅಲ್ಲಿ ಚಿಕ್ಕ ಮಕ್ಕಳ ಬಾಲವಾಡಿಯೊಂದರಲ್ಲಿ ಕೆಲಸವೂ ದೊರೆಯಿತು. ಬಿಟ್ಟು ಬರುವಾಗ ಅತ್ತೆ, ಮಾವ ಇಬ್ಬರೇ ಆ ಮನೆಯಲ್ಲಿ ಮಧ್ಯಾಹ್ನಗಳನ್ನು ಹೇಗೆ ಕಳೆದಾರೋ ಎಂದು ನನಗೆ ಚಿಂತೆಯಿತ್ತು. ಮೊದಲ ಸಲ ಊರಿಗೆ ಹೋಗಿಬಂದ ಗಂಡ ಆ ಚಿಂತೆ ಕಳೆದರು. ಚಪ್ಪಲಿ ಬಿಡುತ್ತಲೇ ನಗತೊಡಗಿದರು.

"ಏ, ಅಲ್ಲಿ ಬೀಜಗಣಿತ ಶುರು ಆಗೇತಿ. ಅಪ್ಪ ನೆಲದ ಮ್ಯಾಲೆ 'ಕ್ಷ' ಬರದು, ಇದು ಎಷ್ಟ ಬೇಕಾದ್ರೂ ಆಗಬಹುದು ಅಂತಾನ. ಅವ್ವ ಸೊಂಟದ ಮ್ಯಾಲೆ ಕೈ ಇಟ್ಕೊಂಡು ನಿಂತಾಳ. ಅಕ್ಷರ ಅಕ್ಷರನ, ಅಂಕಿ ಅಂಕೀನ; ಇವತ್ತ ಐದು, ನಾಳೆ ಏಳು ಆಗೂ ಮನಿಷಾನ ಮನಿಯೊಳಗ ಬಿಟಗೋಬಾರದು ಅಂತಾಳ."

"ಮತ್ತ ಪಾಠ ನಿಂತತೇನು?"

"ಎಲ್ಲಿ ನಿಲ್ತೈತಿ? ನಾ ಬಸ್ಸಿಗೆ ಹೊಂಡುಮಟಾ ನಡದಿತ್ತು" ಎಂದು ಹೇಳಿ ಅವರು ಕೈಕಾಲು ತೊಳೆಯಲು ಹೋದರು. ನಾನು ಚಹಾಕ್ಕೆ ನೀರಿಟ್ಟೆ.